ಎಂಡ್ಯೂರೆನ್ಸ್ ಕುದುರೆಯ ಹೆಜ್ಜೆ ಕೆಟ್ಟಾಗ: ಕಾಲಿನ ರಚನೆ ನೋಡಿ ದೋಷ ಹುಡುಕುವ ಬಗೆ

ಎಂಡ್ಯೂರೆನ್ಸ್ ಅಂದರೆ ಸುತ್ತು ಸುತ್ತಾಗಿ ಓಡುವ ದೂರದ ಕುದುರೆ ಓಟ. ಸುತ್ತುಗಳ ನಡುವೆ ಪಶುವೈದ್ಯರ (ವೆಟ್) ತಪಾಸಣೆ ಇರುತ್ತದೆ. ಮೊದಲ ಸುತ್ತಿನಲ್ಲಿ ಕುದುರೆ ಸಲೀಸಾಗಿ ಟ್ರಾಟ್ (ನಡಿಗೆಗಿಂತ ವೇಗದ, ಎರಡೆರಡು ಕಾಲು ಒಟ್ಟಿಗೆ ಊರುವ ಓಟ) ಮಾಡಿರುತ್ತದೆ. ಎರಡನೇ ತಪಾಸಣೆಯೂ ದಾಟಿರುತ್ತದೆ. ಮೂರನೇ ಸುತ್ತು ಮುಗಿಸಿ ಬಂದಾಗ ವೆಟ್ ಹೇಳುತ್ತಾರೆ, ಹೆಜ್ಜೆ ಸಮ ಇಲ್ಲ ಅಂತ. ದೂರದ ಓಟಗಳಲ್ಲಿ ಕುದುರೆಗಳು ಅರ್ಧಕ್ಕೇ ಹೊರಬೀಳಲು ಅತಿ ಸಾಮಾನ್ಯ ಕಾರಣ ಇದೇ. ಆಗ ಎಲ್ಲರ ಕಣ್ಣೂ ಕಾಲಿನ ಮೇಲೆ ಬೀಳುತ್ತದೆ. ಬಲ ಮುಂಗಾಲಿನ ಗೊರಸು ಸ್ವಲ್ಪ ಹೊರಗೆ ತಿರುಗಿದ್ದು ಕಣ್ಣಿಗೆ ಬಿದ್ದರೆ ಸಾಕು, ಕಾರಣ ಸಿಕ್ಕಿತು ಅಂತ ಮಾತು ಮುಗಿಸಿಬಿಡುತ್ತಾರೆ.

ಆದರೆ ಆ ಗೊರಸು ಬೆಳಿಗ್ಗೆಯೂ ಹಾಗೇ ತಿರುಗಿತ್ತು, ಅಲ್ವಾ? ಕಳೆದ ವರ್ಷವೂ ಹಾಗೇ ಇತ್ತು. ಬೆಳೆದ ಕುದುರೆಯ ಕಾಲಿನ ರಚನೆ ಒಂದು ದಿನದಲ್ಲಿ ಬದಲಾಗುವುದಿಲ್ಲ. ಹಾಗಾಗಿ ಕಾಲು ಸೊಟ್ಟ ಇದೆಯಾ ಎಂಬ ಒಂದೇ ಪ್ರಶ್ನೆಯಿಂದ ದೋಷ ಸಿಗುವುದಿಲ್ಲ. ಇಷ್ಟು ದಿನ ಈ ಕಾಲಿನಲ್ಲೇ ನಡೆದ ಕುದುರೆಗೆ ಇವತ್ತು ಏನು ಬದಲಾಯಿತು ಎಂದೂ ಕೇಳಬೇಕು. ರಚನೆ ನೋಡಿದರೆ ಭಾರ ಎಲ್ಲಿ ಬೀಳುತ್ತಿದೆ ಎಂದು ಗೊತ್ತಾಗುತ್ತದೆ. ಅಲ್ಲಿ ಭಾರ ಹೆಚ್ಚಾಗಲು ಏನು ಕಾರಣ ಎಂಬುದನ್ನು ಬೇರೆಯಾಗಿ ಹುಡುಕಬೇಕು. ಇಡೀ ತಪಾಸಣೆ ನಿಂತಿರುವುದು ಈ ಎರಡನ್ನೂ ಜೋಡಿಸುವುದರ ಮೇಲೆ.

ಈ ಕ್ರೀಡೆಯಲ್ಲಿ ಸಣ್ಣ ಸೊಟ್ಟವೂ ಯಾಕೆ ಲೆಕ್ಕಕ್ಕೆ ಬರುತ್ತದೆ ಅನ್ನುವುದಕ್ಕೆ ಒಂದು ಸರಳ ಲೆಕ್ಕ ಸಾಕು. ನಿಧಾನ ಟ್ರಾಟ್‌ನಲ್ಲಿ ಒಂದು ಪೂರ್ತಿ ಹೆಜ್ಜೆಯ ಚಕ್ರಕ್ಕೆ 2.5 ಮೀಟರ್ ಎಂದಿಟ್ಟುಕೊಳ್ಳಿ. 160 ಕಿ.ಮೀ. ಓಟದಲ್ಲಿ ಪ್ರತಿ ಗೊರಸೂ 64,000 ಸಲ ನೆಲಕ್ಕೆ ಬೀಳುತ್ತದೆ. ನಿಂತ ಕುದುರೆಯ ತೂಕದಲ್ಲಿ ಸುಮಾರು 60 ಶೇಕಡಾ ಮುಂಗಾಲುಗಳ ಮೇಲಿರುತ್ತದೆ. ಮಂಡಿಯ (ಮುಂಗಾಲಿನ ನಡುಕೀಲು) ಕೆಳಗೆ ಹೇಳಿಕೊಳ್ಳುವಂಥ ಮಾಂಸಖಂಡ ಇಲ್ಲ. ಇರುವುದೆಲ್ಲ ಮೂಳೆ, ಟೆಂಡನ್ (ಮಾಂಸಖಂಡವನ್ನು ಮೂಳೆಗೆ ಕಟ್ಟುವ ನಾರು), ಲಿಗಮೆಂಟ್ (ಮೂಳೆಗೆ ಮೂಳೆ ಕಟ್ಟುವ ನಾರು). ಗೊರಸು ಪ್ರತಿ ಸಲವೂ ಕೂದಲೆಳೆಯಷ್ಟು ವಾರೆಯಾಗಿ ಬಿದ್ದರೂ ಆ ವಾರೆ 64,000 ಸಲ ಒಂದೇ ಜಾಗಕ್ಕೆ ಬಡಿಯುತ್ತದೆ.

ಮೊದಲು ನೋವೋ, ರಚನೆಯೋ ಎಂದು ಬೇರ್ಪಡಿಸಿ

ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಸೊಟ್ಟ ಹೆಜ್ಜೆ ಬೇರೆ, ಕುಂಟು ಬೇರೆ. ಗೊರಸನ್ನು ಹೊರಕ್ಕೆ ಬೀಸಿ ನಡೆಯುವ ಕುದುರೆ ನೋವಿಲ್ಲದೆ ವರ್ಷಗಟ್ಟಲೆ ಓಡಬಹುದು. ನೆಟ್ಟಗೆ ಹೆಜ್ಜೆ ಹಾಕುವ ಕುದುರೆಯ ಕಾಲಲ್ಲಿ ನೋವು ಇರಬಹುದು.

ಗಟ್ಟಿಯಾದ, ಸಮತಟ್ಟಾದ ನೆಲದಲ್ಲಿ ಹಗ್ಗ ಸಡಿಲ ಬಿಟ್ಟು ಟ್ರಾಟ್ ಮಾಡಿಸಿ. ಹಗ್ಗ ಬಿಗಿ ಹಿಡಿದರೆ ತಲೆಯ ಚಲನೆ ಮುಚ್ಚಿಹೋಗುತ್ತದೆ. ಮುಂಗಾಲಿನ ನೋವಾದರೆ ನೋಯುವ ಕಾಲು ನೆಲ ಮುಟ್ಟಿದಾಗ ತಲೆ ಮೇಲೇಳುತ್ತದೆ, ಒಳ್ಳೆಯ ಕಾಲು ಮುಟ್ಟಿದಾಗ ಕೆಳಗಿಳಿಯುತ್ತದೆ. ಹಿಂಗಾಲಿನದಾದರೆ ಹಿಂದಿನಿಂದ ನಿಂತು ಸೊಂಟದ ಎರಡು ಮೂಳೆಗಳನ್ನು ನೋಡಿ. ಯಾವ ಕಡೆ ಜಾಸ್ತಿ ಏರಿಳಿಯುತ್ತದೋ ಆ ಕಡೆ ಅನುಮಾನ ಇಡಿ. ಇಲ್ಲೊಂದು ಬಲೆ ಇದೆ. ಎಡ ಹಿಂಗಾಲು ನೋಯುತ್ತಿದ್ದರೂ ತಲೆ ಆಡುವ ರೀತಿ ಎಡ ಮುಂಗಾಲೇ ಕುಂಟುತ್ತಿರುವ ಹಾಗೆ ಕಾಣಬಹುದು. ಅದಕ್ಕೇ ತಲೆ ಮಾತ್ರ ನೋಡಿ ನಿರ್ಧರಿಸಬೇಡಿ, ಹಿಂದಿನಿಂದಲೂ ನೋಡಿ. ಇನ್ನೊಂದು ಬಲೆ: ಎರಡೂ ಮುಂಗಾಲು ಒಟ್ಟಿಗೆ ನೋಯುತ್ತಿದ್ದರೆ ತಲೆ ಆಡುವುದೇ ಇಲ್ಲ, ಹೆಜ್ಜೆ ಗಿಡ್ಡವಾಗುತ್ತದೆ ಅಷ್ಟೆ. ಗಟ್ಟಿ ನೆಲದಲ್ಲಿ ಸಣ್ಣ ವೃತ್ತದಲ್ಲಿ ಓಡಿಸಿದರೆ ಆಗ ಒಳಬದಿಯ ಕಾಲು ಸಾಮಾನ್ಯವಾಗಿ ಗುಟ್ಟು ಬಿಟ್ಟುಕೊಡುತ್ತದೆ.

ಕೈಯಿಂದ ಮುಟ್ಟಿ ನೋಡಿ. ಒಂದು ಗೊರಸು ಮಾತ್ರ ಬಿಸಿ ಇದೆಯಾ? ಫೆಟ್‌ಲಾಕ್‌ನ (ಗೊರಸಿನ ಮೇಲಿರುವ ಗಿಣ್ಣಿನಂಥ ಕೀಲು) ಹಿಂಬದಿಯಲ್ಲಿ ನಾಡಿ ಜೋರಾಗಿ ಬಡಿಯುತ್ತಿದೆಯಾ? ಟೆಂಡನ್ ಉದ್ದಕ್ಕೂ ಬೆರಳು ಸವರಿದಾಗ ಒಂದು ಕಡೆ ದಪ್ಪ, ಮೆತ್ತಗೆ ಅನಿಸುತ್ತದೆಯಾ? ಇವುಗಳಲ್ಲಿ ಒಂದಕ್ಕೆ ಹೌದು ಅಂತ ಉತ್ತರ ಬಂದರೂ ರಚನೆಯ ಚರ್ಚೆ ನಿಲ್ಲಿಸಿ. ಸವಾರಿ ನಿಲ್ಲಿಸಿ ವೆಟ್ ಅವರನ್ನು ಕರೆಯಿರಿ.

ಓಟದ ಮಧ್ಯೆ ಹಿಂಗಾಲು ಬಿಗಿಯಾಗಿ, ಕುದುರೆ ಹೆಜ್ಜೆ ಇಡಲು ಒಪ್ಪದೆ, ಸೊಂಟದ ಮಾಂಸಖಂಡ ಕಲ್ಲಿನಂತೆ ಗಟ್ಟಿಯಾಗಿದ್ದರೆ ಅದಕ್ಕೂ ಕಾಲಿನ ಸೊಟ್ಟಕ್ಕೂ ಸಂಬಂಧ ಇಲ್ಲ. ಅದು ಮಾಂಸಖಂಡ ಕಟ್ಟಿಕೊಳ್ಳುವ ತೊಂದರೆ. ಮೂತ್ರ ಕಂದು ಬಣ್ಣಕ್ಕೆ ತಿರುಗಿದ್ದರೆ ಇನ್ನೂ ಗಂಭೀರ. ಕುದುರೆಯನ್ನು ಒಂದು ಹೆಜ್ಜೆಯೂ ನಡೆಸಬೇಡಿ, ನಿಂತಲ್ಲೇ ಚಿಕಿತ್ಸೆ ಆಗಬೇಕು.

ನಿಲ್ಲಿಸಿ ನೋಡುವುದು

ನೋವಿನ ಗುರುತು ಇಲ್ಲ, ಅಥವಾ ವೆಟ್ ನೋಡಿಯಾಗಿದೆ ಅಂದಮೇಲೆ ರಚನೆ ನೋಡಿ. ಕುದುರೆಯನ್ನು ಸಮತಟ್ಟಾದ ಗಟ್ಟಿ ನೆಲದಲ್ಲಿ ನಾಲ್ಕು ಕಾಲಿಗೂ ಸಮ ಭಾರ ಬೀಳುವಂತೆ ನಿಲ್ಲಿಸಿ. ಒಂದೇ ಸಲ ನೋಡಿ ತೀರ್ಮಾನಿಸಬೇಡಿ. ನಾಲ್ಕು ಹೆಜ್ಜೆ ನಡೆಸಿ ಮತ್ತೆ ನಿಲ್ಲಿಸಿ, ಮತ್ತೆ ನೋಡಿ. ಪ್ರತಿ ಸಲವೂ ಅದೇ ಕಾಲು ಅದೇ ರೀತಿ ತಿರುಗಿದ್ದರೆ ಮಾತ್ರ ಅದು ರಚನೆ. ಇಲ್ಲದಿದ್ದರೆ ಸುಮ್ನೆ ನಿಂತ ಭಂಗಿ.

ಮುಂದಿನಿಂದ ನೋಡುವಾಗ ಭುಜದ ತುದಿಯಿಂದ ಒಂದು ದಾರ ಇಳಿಬಿಟ್ಟ ಹಾಗೆ ಊಹಿಸಿಕೊಳ್ಳಿ. ಅದು ಮಂಡಿ, ಕ್ಯಾನನ್ ಮೂಳೆ (ಮಂಡಿಯ ಕೆಳಗಿನ ಉದ್ದ ಮೂಳೆ), ಫೆಟ್‌ಲಾಕ್, ಗೊರಸು ಎಲ್ಲವನ್ನೂ ನಡುಮಧ್ಯೆ ಸೀಳಿಕೊಂಡು ಹೋಗಬೇಕು. ಪಕ್ಕದಿಂದ ನೋಡುವಾಗ ಭುಜದ ಹಲಗೆ ಮೂಳೆಯ ಮೇಲ್ಭಾಗದ ಉಬ್ಬಿನಿಂದ ಇಳಿದ ಗೆರೆ ಮಂಡಿ ಮತ್ತು ಫೆಟ್‌ಲಾಕ್ ದಾಟಿ ಗೊರಸಿನ ಹಿಮ್ಮಡಿಯ ಹಿಂದೆ ನೆಲ ಮುಟ್ಟಬೇಕು. ಹಿಂಗಾಲಿಗೆ ಪೃಷ್ಠದ ತುದಿಯಿಂದ ಗೆರೆ ಎಳೆಯಿರಿ. ಅದು ಹಾಕ್ ಕೀಲಿನ (ಹಿಂಗಾಲಿನ ನಡುವೆ ಹಿಂದಕ್ಕೆ ಚಾಚಿದ ಕೀಲು) ತುದಿಯನ್ನು ಮುಟ್ಟಿ ಕ್ಯಾನನ್ ಮೂಳೆಯ ಹಿಂಬದಿಗೆ ಹೊಂದಿಕೊಂಡು ಇಳಿಯಬೇಕು.

ಗೊರಸು ಹೊರಗೆ ತಿರುಗಿದ್ದರೆ ತಿರುವು ಎಲ್ಲಿಂದ ಶುರುವಾಗಿದೆ ಎಂದು ಹುಡುಕಿ. ಇದನ್ನು ಹೆಚ್ಚಿನವರು ಮಾಡುವುದೇ ಇಲ್ಲ. ಮಂಡಿಯೂ ಗೊರಸೂ ಒಂದೇ ದಿಕ್ಕಿಗೆ ಮುಖ ಮಾಡಿದ್ದರೆ ಇಡೀ ಕಾಲೇ ಮೊಣಕೈಯಿಂದ ತಿರುಗಿದೆ. ಆಗ ಕುದುರೆಯ ಎದುರು ನೇರವಾಗಿ ನಿಲ್ಲಬೇಡಿ, ಆ ಕಾಲಿನ ಎದುರು ನಿಲ್ಲಿ. ಕೀಲುಗಳು ಒಂದರ ಮೇಲೊಂದು ನೆಟ್ಟಗೆ ಕೂತಿರುವುದು ಕಾಣುತ್ತದೆ. ಎದೆ ಕಿರಿದಾದ ಎಳೆಯ ಕುದುರೆಗಳಲ್ಲಿ ಇದು ಸಾಮಾನ್ಯ. ಎದೆ ತುಂಬಿಕೊಂಡಂತೆ ಮೊಣಕೈ ಹೊರಗೆ ಸರಿದು ಗೊರಸು ಎಷ್ಟೋ ಮಟ್ಟಿಗೆ ತಾನೇ ನೇರವಾಗುತ್ತದೆ. ಆದರೆ ಮಂಡಿ ನೇರ ಇದ್ದು ಫೆಟ್‌ಲಾಕ್‌ನಿಂದ ಕೆಳಗೆ ಮಾತ್ರ ತಿರುಗಿದ್ದರೆ ಅದು ಬೇರೆಯದೇ ವಿಷಯ. ಆ ಕೀಲಿನಲ್ಲಿ ಪ್ರತಿ ಹೆಜ್ಜೆಗೂ ತಿರುಚು ಬೀಳುತ್ತದೆ.

ಕೊನೆಗೆ ಹಳೆಯ ಲಾಳವನ್ನು ಕೈಗೆ ತೆಗೆದುಕೊಳ್ಳಿ. ಕಿತ್ತ ಲಾಳವನ್ನು ಎಸೆಯಬೇಡಿ ಎಂದು ನಾನು ಎಲ್ಲರಿಗೂ ಹೇಳುತ್ತಿರುತ್ತೇನೆ. ಎಡಗಾಲಿನದು, ಬಲಗಾಲಿನದು ಎಂದು ಗುರುತು ಹಾಕಿ ಪಕ್ಕಪಕ್ಕ ಇಡಿ. ಒಳಬದಿ ಸವೆದಿದೆಯಾ, ಹೊರಬದಿಯಾ, ತುದಿಯಾ? ಎಡ ಮತ್ತು ಬಲ ಒಂದೇ ಥರ ಸವೆದಿವೆಯಾ? ಎರಡೂ ಒಂದೇ ರೀತಿ ಸವೆದಿದ್ದರೆ ಅದು ಆ ಕುದುರೆಯ ರಚನೆ. ಒಂದು ಮಾತ್ರ ಬೇರೆ ಥರ ಸವೆದಿದ್ದರೆ, ಅಥವಾ ಹೋದ ಸಲದ ಲಾಳಕ್ಕಿಂತ ಬೇರೆ ಕಡೆ ಸವೆದಿದ್ದರೆ, ಕುದುರೆ ಭಾರ ಹಾಕುವ ರೀತಿಯೇ ಬದಲಾಗಿದೆ. ಎಷ್ಟೋ ಸಲ ಕುಂಟು ಕಣ್ಣಿಗೆ ಕಾಣುವ ಮೊದಲೇ ಲಾಳದಲ್ಲಿ ಕಂಡಿರುತ್ತದೆ.

ಒಂದು ಕಾಲು ಇನ್ನೊಂದಕ್ಕೆ ಬಡಿಯುತ್ತಿದ್ದರೆ

ಫೆಟ್‌ಲಾಕ್‌ನ ಒಳಬದಿಯಲ್ಲಿ ಕೂದಲು ಉದುರಿದೆ, ಸಣ್ಣ ಗಾಯ ಆಗಿದೆ. ಎಂಡ್ಯೂರೆನ್ಸ್ ಕುದುರೆಗಳಲ್ಲಿ ರಚನೆಗೆ ನೇರವಾಗಿ ಸಂಬಂಧಪಟ್ಟ ದೋಷಗಳಲ್ಲಿ ಇದು ಮುಖ್ಯವಾದದ್ದು. ಅದಕ್ಕೇ ಇಲ್ಲಿ ಸ್ವಲ್ಪ ನಿಧಾನವಾಗಿ ನೋಡೋಣ.

ಗೊರಸು ಯಾವ ಕಡೆ ತಿರುಗಿದೆಯೋ ಗಾಳಿಯಲ್ಲಿ ಅದರ ದಾರಿ ಅದಕ್ಕೆ ವಿರುದ್ಧ ದಿಕ್ಕಿಗೆ ಬಾಗುತ್ತದೆ. ಹೊರಗೆ ತಿರುಗಿದ ಗೊರಸು ನೆಲ ಬಿಟ್ಟ ಮೇಲೆ ಒಳಕ್ಕೆ ಬೀಸಿಕೊಂಡು ಬರುತ್ತದೆ, ಪಕ್ಕದ ಕಾಲಿಗೆ ಹತ್ತಿರವಾಗುತ್ತದೆ. ಒಳಗೆ ತಿರುಗಿದ ಗೊರಸು ಹೊರಕ್ಕೆ ಬೀಸುತ್ತದೆ. ಎರಡನೆಯದು ನೋಡಲು ಚೆನ್ನಾಗಿರುವುದಿಲ್ಲ, ಆದರೆ ಏನಕ್ಕೂ ತಾಕುವುದಿಲ್ಲ. ಮೊದಲನೆಯದು ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ, ಆದರೆ ಗಾಯ ಮಾಡುತ್ತದೆ. ಕುದುರೆ ಕೊಳ್ಳುವವರು ಹೊರಕ್ಕೆ ಬೀಸುವ ಕಾಲಿಗೆ ಹೆದರುವಷ್ಟು ಒಳಕ್ಕೆ ಬೀಸುವ ಕಾಲಿಗೆ ಹೆದರುವುದಿಲ್ಲ. ದೂರದ ಓಟಕ್ಕೆ ಇದು ತಿರುಗುಮುರುಗಾಗಬೇಕು ಎಂದು ನನ್ನ ಅಭಿಪ್ರಾಯ. ಎದೆ ಕಿರಿದಾಗಿ, ಎರಡು ಮುಂಗಾಲು ಹತ್ತಿರ ಇದ್ದು, ಗೊರಸೂ ಹೊರಗೆ ತಿರುಗಿದ್ದರೆ ಮೂರೂ ಸೇರಿ ಬಡಿತ ಖಾತ್ರಿ.

ಎಲ್ಲಿ ಬಡಿಯುತ್ತಿದೆ ಎಂದು ಊಹಿಸಬೇಡಿ, ಪರೀಕ್ಷೆ ಮಾಡಿ. ಒಂದು ಬಣ್ಣದ ಸೀಮೆಸುಣ್ಣ ತೆಗೆದುಕೊಂಡು ಬಲ ಲಾಳದ ಒಳ ಅಂಚಿಗೆ ದಪ್ಪಗೆ ಉಜ್ಜಿ. ಎಡ ಲಾಳಕ್ಕೆ ಬೇರೆ ಬಣ್ಣ. ಕಾಲುಗಳನ್ನು ಒರೆಸಿ ಒಣಗಿಸಿ. ನೇರವಾಗಿ ಟ್ರಾಟ್ ಮಾಡಿಸಿ, ನಂತರ ಎದುರು ಕಾಲಿನ ಒಳಬದಿ ನೋಡಿ. ಬಣ್ಣದ ಗೀರು ಗೊರಸಿನ ಮೇಲಂಚಿನಲ್ಲಿದೆಯಾ, ಫೆಟ್‌ಲಾಕ್‌ನಲ್ಲಾ, ಅದಕ್ಕೂ ಮೇಲೆ ಕ್ಯಾನನ್ ಮೂಳೆಯ ಮೇಲಾ? ಗುರುತು ಮೇಲೆ ಹೋದಷ್ಟೂ ಚಿಂತೆ ಜಾಸ್ತಿ. ಮಂಡಿಯ ಕೆಳಗೆ ಒಳಬದಿಯ ಸಣ್ಣ ಮೂಳೆಗೆ ಪೆಟ್ಟು ಬಿದ್ದರೆ ಅಲ್ಲಿ ಗಂಟು ಕಟ್ಟುತ್ತದೆ. ಗೀರು ಎಷ್ಟು ಉದ್ದ ಇದೆ ಎಂಬುದನ್ನೂ ನೋಡಿ. ಉದ್ದ ತೆಳು ಗೀರು ಅಂದರೆ ಸವರಿ ಹೋಗಿದೆ. ಗುಂಡಗಿನ ದಪ್ಪ ಚುಕ್ಕೆ ಅಂದರೆ ಬಡಿದಿದೆ.

ಈಗ ಅತಿ ಮುಖ್ಯವಾದ ಭಾಗ. ಇದೇ ಪರೀಕ್ಷೆಯನ್ನು ಕುದುರೆ ತಾಜಾ ಇದ್ದಾಗ ಒಮ್ಮೆ ಮಾಡಿ, ದೂರದ ಸವಾರಿ ಮುಗಿಸಿ ಬಂದಾಗ ಇನ್ನೊಮ್ಮೆ ಮಾಡಿ. ಬೆಳಿಗ್ಗೆ ಬಣ್ಣ ತಾಕದೆ, 50 ಕಿ.ಮೀ. ಆದಮೇಲೆ ತಾಕಿದರೆ ರಚನೆ ಗಡಿಯಲ್ಲಿದೆ, ಮಿತಿ ದಾಟಿಸಿದ್ದು ಆಯಾಸ. ಭುಜ ಮತ್ತು ಎದೆಯ ಮಾಂಸಖಂಡ ದಣಿದರೆ ಕಾಲನ್ನು ಸರಿಯಾದ ದಾರಿಯಲ್ಲಿ ಹಿಡಿಯುವ ಶಕ್ತಿ ಕಡಿಮೆಯಾಗುತ್ತದೆ. ಇದಕ್ಕೆ ಲಾಳ ಬದಲಾಯಿಸಿ ಉಪಯೋಗ ಕಡಿಮೆ. ತಾಲೀಮು ಹೆಚ್ಚಬೇಕು, ಇಲ್ಲವೇ ವೇಗ ತಗ್ಗಬೇಕು. ಬೆಳಿಗ್ಗೆಯೇ ತಾಕಿದರೆ ಗೊರಸಿನ ಕಡೆ ನೋಡಿ.

ಲಾಳ ಕಟ್ಟಿ ಎಷ್ಟು ವಾರ ಆಯಿತು? ಗೊರಸು ತಿಂಗಳಿಗೆ ಸುಮಾರು 6ರಿಂದ 10 ಮಿ.ಮೀ. ಬೆಳೆಯುತ್ತದೆ. ಲಾಳ ಇರುವ ಗೊರಸಿನ ತುದಿ ಸವೆಯುವುದಿಲ್ಲ, ಹಿಮ್ಮಡಿ ಮಾತ್ರ ಲಾಳದ ಮೇಲೆ ಉಜ್ಜಿ ಸ್ವಲ್ಪ ಸವೆಯುತ್ತದೆ. ಹಾಗಾಗಿ ವಾರ ಕಳೆದಂತೆ ತುದಿ ಉದ್ದ, ಹಿಮ್ಮಡಿ ತಗ್ಗು ಆಗುತ್ತದೆ. ಗೊರಸು ನೆಲ ಬಿಡುವುದು ತಡವಾಗುತ್ತದೆ, ಬೀಸು ದೊಡ್ಡದಾಗುತ್ತದೆ. ಕಳೆದ ತಿಂಗಳು ತಾಕದ ಕಾಲು ಈ ತಿಂಗಳು ತಾಕುವುದು ಎಷ್ಟೋ ಸಲ ಇದರಿಂದಲೇ. ಸೊಟ್ಟ ಕಾಲಿನ ಕುದುರೆಗೆ 8 ವಾರ ಕಾಯುವುದು ಸರಿಯಲ್ಲ. 5 ಅಥವಾ 6 ವಾರಕ್ಕೆ ಲಾಳ ಬದಲಾದರೆ ಮೇಲು.

ಲಾಳ ಒಳಬದಿಯಲ್ಲಿ ಗೊರಸಿನ ಅಂಚಿಗಿಂತ ಆಚೆ ಚಾಚಿದೆಯಾ ನೋಡಿ. ಬೆರಳು ಆಡಿಸಿದರೆ ಗೊತ್ತಾಗುತ್ತದೆ. ಬಡಿಯುವ ಕುದುರೆಗೆ ಒಳ ಅಂಚು ಗೊರಸಿಗೆ ಸರಿಯಾಗಿ ಕೂತು, ಅಂಚನ್ನು ಉಜ್ಜಿ ದುಂಡಗೆ ಮಾಡಿರಬೇಕು. ಮೊಳೆಯ ತುದಿ ಮೇಲೆದ್ದಿರಬಾರದು. ಕಾಲಿಗೆ ರಕ್ಷಣೆಯ ಪಟ್ಟಿ ಕಟ್ಟುವುದು ತಾತ್ಕಾಲಿಕ ಪರಿಹಾರ. ದೂರದ ದಾರಿಯಲ್ಲಿ ಅದರೊಳಗೆ ಮರಳು ಸೇರಿ ಚರ್ಮ ಉಜ್ಜಿಹೋಗುತ್ತದೆ, ಅದೇ ಹೊಸ ಗಾಯ.

ಟಕ್ ಟಕ್ ಸದ್ದು, ಹಿಮ್ಮಡಿಗೆ ಗಾಯ

ಟ್ರಾಟ್‌ನಲ್ಲಿ ಲಾಳಕ್ಕೆ ಲಾಳ ತಾಕುವ ಸದ್ದು ಬಂದರೆ ಹಿಂಗಾಲು ಮುಂಗಾಲನ್ನು ಹಿಡಿಯುತ್ತಿದೆ ಎಂದರ್ಥ. ಮುಂಗಾಲು ಜಾಗ ಖಾಲಿ ಮಾಡುವ ಮೊದಲೇ ಹಿಂಗಾಲು ಬಂದುಬಿಡುತ್ತದೆ. ಬೆನ್ನು ಗಿಡ್ಡ, ಕಾಲು ಉದ್ದ ಇರುವ ಕುದುರೆಯಲ್ಲಿ ಇದಕ್ಕೆ ಜಾಗವೇ ಕಡಿಮೆ. ಹಿಂಗಾಲು ಕುಡುಗೋಲಿನ ಥರ ಬಾಗಿ ಹೊಟ್ಟೆಯ ಕೆಳಗೆ ಹೋಗಿದ್ದರೂ ಹೀಗಾಗುತ್ತದೆ.

ಮೊದಲು ನೋಡಬೇಕಾದದ್ದು ಮುಂಗಾಲಿನ ಗೊರಸಿನ ತುದಿ. ಉದ್ದವಾಗಿದ್ದರೆ ನೆಲ ಬಿಡುವುದು ತಡ. ಅಲ್ಲಿ ಸರಿ ಇದ್ದರೆ ಸವಾರರನ್ನು ನೋಡಿ. ದಣಿದ ಸವಾರರು ಮುಂದಕ್ಕೆ ವಾಲುತ್ತಾರೆ. ದಣಿದ ಕುದುರೆಯೂ ಭಾರವನ್ನು ಮುಂದಕ್ಕೆ ಹಾಕುತ್ತದೆ. ಇಬ್ಬರೂ ಸೇರಿದರೆ ಮುಂಗಾಲು ಏಳುವುದೇ ಕಷ್ಟ. ಸವಾರರು ನೆಟ್ಟಗೆ ಕೂತು, ವೇಗ ತಗ್ಗಿಸಿ, ಒಂದೆರಡು ನಿಮಿಷ ನಡೆಸಿ ಮತ್ತೆ ಟ್ರಾಟ್ ಮಾಡಿದಾಗ ಸದ್ದು ನಿಂತರೆ ಉತ್ತರ ಸಿಕ್ಕಿತು. ಸದ್ದು ಕಿರಿಕಿರಿ ಮಾತ್ರ. ಆದರೆ ಹಿಂಗಾಲಿನ ತುದಿ ಮುಂಗಾಲಿನ ಹಿಮ್ಮಡಿಯ ಮೆತ್ತನೆ ಭಾಗಕ್ಕೆ ಬಡಿದರೆ ಗಾಯ ಆಳವಾಗುತ್ತದೆ, ಲಾಳವೂ ಕಿತ್ತು ಬರುತ್ತದೆ. ಅದಕ್ಕೆ ಸದ್ದು ಶುರುವಾದಾಗಲೇ ಗಮನ ಕೊಡಿ.

ಎಡವುವುದು

ಕಲ್ಲಿನ ದಾರಿಯಲ್ಲಿ ಒಂದೆರಡು ಸಲ ಎಡವುವುದು ಸಹಜ. ಸಮತಟ್ಟಾದ ನೆಲದಲ್ಲಿ ಪದೇ ಪದೇ ಎಡವಿದರೆ ಹುಡುಕಬೇಕು. ಪಕ್ಕದಿಂದ ನೋಡಿ. ಗೊರಸಿನ ಮುಂಗೋಡೆ ಮತ್ತು ಪಾಸ್ಟರ್ನ್ (ಫೆಟ್‌ಲಾಕ್‌ಗೂ ಗೊರಸಿಗೂ ನಡುವಿನ ಭಾಗ) ಒಂದೇ ಇಳಿಜಾರಿನಲ್ಲಿರಬೇಕು. ಗೆರೆ ಗೊರಸಿನ ಹತ್ತಿರ ಹಿಂದಕ್ಕೆ ಮುರಿದಿದ್ದರೆ ತುದಿ ಉದ್ದ, ಹಿಮ್ಮಡಿ ತಗ್ಗು. ಗೊರಸಿನ ಹಿಂಭಾಗದ ಟೆಂಡನ್ ಮತ್ತು ಅಲ್ಲಿನ ನ್ಯಾವಿಕ್ಯುಲರ್ ಎಂಬ ಸಣ್ಣ ಮೂಳೆಯ ಮೇಲೆ ಒತ್ತಡ ಏರುತ್ತದೆ. ಹಿಮ್ಮಡಿ ನೋಯುವ ಕುದುರೆ ಗೊರಸಿನ ತುದಿಯನ್ನೇ ಮೊದಲು ಊರುತ್ತದೆ, ಅದಕ್ಕೇ ಎಡವುತ್ತದೆ. ಮೊಬೈಲಿನಲ್ಲಿ ನೆಲಮಟ್ಟದಿಂದ ನಿಧಾನಗತಿಯ ವಿಡಿಯೋ ತೆಗೆದು ಯಾವ ಭಾಗ ಮೊದಲು ನೆಲ ಮುಟ್ಟುತ್ತದೆ ನೋಡಿ. ತುದಿ ಮೊದಲು ಮುಟ್ಟುತ್ತಿದ್ದರೆ ಗೊರಸು ಕೆತ್ತಿಸುವ ಮೊದಲು ಎಕ್ಸ್‌ರೇ ತೆಗೆಸುವುದು ಒಳ್ಳೆಯದು.

ಮಂಡಿಯನ್ನೂ ನೋಡಿ. ಪಕ್ಕದಿಂದ ನೋಡಿದಾಗ ಮಂಡಿ ಸ್ವಲ್ಪ ಮುಂದಕ್ಕೆ ಬಾಗಿದ್ದರೆ ಜನ ಗಾಬರಿಯಾಗುತ್ತಾರೆ. ಹುಟ್ಟಿನಿಂದಲೇ ಇರುವ ಸಣ್ಣ ಬಾಗು ಅಂಥ ತೊಂದರೆ ಕೊಡುವುದಿಲ್ಲ. ಮಂಡಿ ಹಿಂದಕ್ಕೆ ಬಾಗಿದ್ದರೆ ಮಾತ್ರ ನಿಜಕ್ಕೂ ಚಿಂತೆ. ಭಾರ ಬಿದ್ದಾಗ ಕೀಲಿನ ಮುಂಭಾಗದ ಸಣ್ಣ ಮೂಳೆಗಳು ಒಂದಕ್ಕೊಂದು ಒತ್ತಿಕೊಂಡು ಚೂರು ಏಳುವ ಅಪಾಯ ಇದೆ. ದಣಿದಾಗ ಮಂಡಿ ಇನ್ನೂ ಹಿಂದಕ್ಕೆ ಹೋಗುತ್ತದೆ. ಇಂಥ ಕುದುರೆಯನ್ನು 120 ಅಥವಾ 160 ಕಿ.ಮೀ. ಓಟಕ್ಕೆ ತಯಾರು ಮಾಡುವುದನ್ನು ನಾನು ಒಪ್ಪುವುದಿಲ್ಲ, ಅದು ಎಷ್ಟೇ ಹುರುಪಿನದಾಗಿರಲಿ.

ಮಂಡಿಗಳು ಸ್ವಲ್ಪ ಒಳಕ್ಕೆ ಸೇರಿರುವುದರ ಬಗ್ಗೆ ಒಂದು ಮಾತು. ರೇಸ್‌ನ ಥರೋಬ್ರೆಡ್ ಕುದುರೆಗಳ ಮೇಲೆ ನಡೆದ ಅಧ್ಯಯನದಲ್ಲಿ ಸ್ವಲ್ಪ ಒಳಸೇರಿದ ಮಂಡಿ ಇದ್ದವುಗಳಿಗೆ ಮಂಡಿಯ ಮೂಳೆ ಮುರಿತದ ಅಪಾಯ ಕಡಿಮೆ ಕಂಡುಬಂದಿತ್ತು. ಚಿತ್ರದಲ್ಲಿ ಬರೆದ ಹಾಗೆ ನೆಟ್ಟಗಿರುವ ಕಾಲೇ ಯಾವಾಗಲೂ ಗಟ್ಟಿ ಎಂದುಕೊಳ್ಳಬೇಡಿ.

ಗಟ್ಟಿ ನೆಲದಲ್ಲಿ ಕೆಡುತ್ತದೆಯೋ, ಮರಳಿನಲ್ಲಿ ಕೆಡುತ್ತದೆಯೋ?

ಹೆಜ್ಜೆ ಗಿಡ್ಡವಾಗಿದೆ, ಹುರುಪಿಲ್ಲ, ಆದರೆ ಕುಂಟು ಎನ್ನಲಾಗದು ಎಂಬ ಸ್ಥಿತಿಯಲ್ಲಿ ಈ ಒಂದು ಪ್ರಶ್ನೆ ತುಂಬಾ ಕೆಲಸ ಮಾಡುತ್ತದೆ. ಓಟದ ದಾರಿಯ ನಕ್ಷೆ ತೆಗೆದು, ಸವಾರರನ್ನು ಕೂರಿಸಿಕೊಂಡು, ಎಲ್ಲಿ ಬದಲಾವಣೆ ಗೊತ್ತಾಯಿತು ಎಂದು ಕಿಲೋಮೀಟರ್ ಲೆಕ್ಕದಲ್ಲಿ ಕೇಳಿ.

ಡಾಂಬರು, ಗಟ್ಟಿ ಮಣ್ಣು, ಕಲ್ಲು ಬಂದಾಗ ಕೆಟ್ಟು, ಮೆತ್ತನೆ ನೆಲದಲ್ಲಿ ಸುಧಾರಿಸಿದರೆ ಮೊದಲ ಅನುಮಾನ ಗೊರಸು, ಮೂಳೆ, ಕೀಲುಗಳ ಮೇಲೆ. ಪಾಸ್ಟರ್ನ್ ಗಿಡ್ಡವಾಗಿ ನೆಟ್ಟಗಿರುವ, ಭುಜವೂ ನೆಟ್ಟಗಿರುವ ಕುದುರೆಯಲ್ಲಿ ನೆಲದ ಹೊಡೆತವನ್ನು ಹೀರಿಕೊಳ್ಳುವ ಜಾಗ ಕಡಿಮೆ. ಹೊಡೆತ ನೇರವಾಗಿ ಮೇಲೇರುತ್ತದೆ. ಅಂಗಾಲು ತೆಳುವಾಗಿದ್ದರೂ ಇದೇ ಲಕ್ಷಣ, ಆದ್ದರಿಂದ ಗೊರಸು ಎತ್ತಿ ಕಲ್ಲೇಟಿನ ಗುರುತು ಇದೆಯಾ ನೋಡಿಯೇ ರಚನೆಯ ಮಾತಾಡಿ. ದಾರಿ ಗಟ್ಟಿ ಇದೆ ಎಂದು ಗೊತ್ತಿದ್ದರೆ ಗೊರಸಿನಡಿ ಪ್ಯಾಡ್ ಹಾಕಿಸಿ, ಗಟ್ಟಿ ತುಂಡುಗಳಲ್ಲಿ ಟ್ರಾಟ್ ನಿಧಾನ ಮಾಡಿ.

ಆಳ ಮರಳಿನಲ್ಲಿ ಕೆಟ್ಟು ಗಟ್ಟಿ ನೆಲದಲ್ಲಿ ಸುಧಾರಿಸಿದರೆ ಅನುಮಾನ ಟೆಂಡನ್ ಮತ್ತು ಲಿಗಮೆಂಟ್‌ಗಳ ಮೇಲೆ. ಪಾಸ್ಟರ್ನ್ ಉದ್ದವಾಗಿ ತುಂಬಾ ಇಳಿಜಾರಾಗಿದ್ದರೆ ಸವಾರಿ ಮೆತ್ತಗಿರುತ್ತದೆ, ಸವಾರರಿಗೆ ಹಿತ. ಆದರೆ ಭಾರ ಬಿದ್ದಾಗ ಫೆಟ್‌ಲಾಕ್ ಜಾಸ್ತಿ ಕೆಳಗಿಳಿಯುತ್ತದೆ, ಹಿಂದಿನ ಟೆಂಡನ್ ಮತ್ತು ಫೆಟ್‌ಲಾಕ್ ಕುಸಿಯದಂತೆ ಹಿಡಿಯುವ ಸಸ್ಪೆನ್ಸರಿ ಲಿಗಮೆಂಟ್ ಹಿಗ್ಗುತ್ತವೆ. ದಣಿದಂತೆ ಈ ಇಳಿತ ಹೆಚ್ಚುತ್ತದೆ. ಸವಾರಿ ಶುರುವಿನಲ್ಲಿ ಮತ್ತು ಕೊನೆಯಲ್ಲಿ ಪಕ್ಕದಿಂದ ಒಂದೇ ಜಾಗದಲ್ಲಿ, ಒಂದೇ ವೇಗದಲ್ಲಿ ವಿಡಿಯೋ ತೆಗೆದು ಫೆಟ್‌ಲಾಕ್ ಎಷ್ಟು ಇಳಿಯುತ್ತದೆ ಹೋಲಿಸಿ. ಕೊನೆಯದರಲ್ಲಿ ಎದ್ದುಕಾಣುವಷ್ಟು ಜಾಸ್ತಿ ಇಳಿದರೆ ಮುಂದಿನ ಓಟಕ್ಕೆ ಮುಂಚೆ ಅಲ್ಟ್ರಾಸೌಂಡ್ ಮಾಡಿಸಿ. ಈ ಕುದುರೆಗಳಿಗೆ ಉದ್ದ ತುದಿ ವಿಷ ಇದ್ದಂತೆ.

ಹಿಂಗಾಲು

ಹಾಕ್ ಕೀಲುಗಳು ಹಿಂದಿನಿಂದ ನೋಡಿದಾಗ ಸ್ವಲ್ಪ ಒಳಸೇರಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ದೂರದ ಓಟಗಳಲ್ಲಿ ಮೇಲುಗೈ ಇರುವ ಅರಬ್ಬಿ ಕುದುರೆಗಳಲ್ಲಿ ಇದು ಸಾಮಾನ್ಯ. ಹೊಟ್ಟೆಯ ಪಕ್ಕ ಹಿಂಗಾಲಿನ ಮೇಲ್ಭಾಗದ ಮೊಣಕಾಲಿಗೆ ದಾರಿಯೂ ಸಿಗುತ್ತದೆ. ಹಾಕ್ ಹೊರಕ್ಕೆ ಬಿಲ್ಲಿನಂತೆ ಬಾಗಿ, ಭಾರ ಬಿದ್ದಾಗ ಗೊರಸು ನೆಲದ ಮೇಲೆ ತಿರುಚಿಕೊಂಡರೆ ಅದು ಕೆಟ್ಟದ್ದು. ನಡೆಸಿಕೊಂಡು ಹೋಗುವಾಗ ಹಿಂದೆ ನಿಂತು ಗೊರಸು ಊರಿದ ಮೇಲೆ ಹಿಮ್ಮಡಿ ತಿರುಗುತ್ತದೆಯಾ ನೋಡಿ.

ಕುಡುಗೋಲಿನಂಥ ಹಿಂಗಾಲಿನಲ್ಲಿ ಹಾಕ್‌ನ ಹಿಂಬದಿ ಕೆಳಭಾಗಕ್ಕೆ ಭಾರ. ಅಲ್ಲಿ ಬೆರಳಾಡಿಸಿದಾಗ ಉಬ್ಬು ಸಿಕ್ಕಿದರೆ ಲಿಗಮೆಂಟ್ ಬಳಲಿದೆ. ಕಂಬದಂತೆ ನೆಟ್ಟಗಿರುವ ಹಿಂಗಾಲಿನ ತೊಂದರೆ ಬೇರೆ. ಮೊಣಚಿಪ್ಪು ಮೇಲೆ ಸಿಕ್ಕಿಕೊಳ್ಳಬಹುದು. ಆಗ ಕುದುರೆ ಕಾಲನ್ನು ಹಿಂದಕ್ಕೆ ಚಾಚಿ ಒಂದು ಕ್ಷಣ ಎಳೆದುಕೊಂಡು ಹೋಗುತ್ತದೆ. ಹಿಂಗಾಲಿನ ಸಸ್ಪೆನ್ಸರಿ ಲಿಗಮೆಂಟ್ ಮೇಲೂ ಭಾರ ಜಾಸ್ತಿ. ಏರು ಹತ್ತುವಾಗ ತಳ್ಳು ಕಡಿಮೆಯಾಗಿದೆ, ಅಥವಾ ಟ್ರಾಟ್‌ನಿಂದ ತಾನಾಗಿಯೇ ಕ್ಯಾಂಟರ್‌ಗೆ (ಟ್ರಾಟ್‌ಗಿಂತ ವೇಗದ ನೆಗೆತದ ಓಟ) ಜಿಗಿಯುತ್ತದೆ ಎಂದು ಸವಾರರು ಹೇಳಿದರೆ ಹಿಂಗಾಲಿನ ಕಡೆ ನೋಡಿ. ಇಳಿಜಾರಿನಲ್ಲಿ ಮಾತ್ರ ಹಿಂಜರಿದರೆ ಮುಂಗಾಲಿನ ಕಡೆ ಮೊದಲು ನೋಡಿ.

ಕಾಲಿನ ತಪ್ಪೇ ಅಲ್ಲದಿದ್ದಾಗ

ಎಲ್ಲ ನೋಡಿ ಏನೂ ಸಿಗದಿದ್ದರೆ ಬೆನ್ನ ಮೇಲೆ ಕೂತವರ ಕಡೆ ನೋಡಿ. ಟ್ರಾಟ್‌ನಲ್ಲಿ ಎದ್ದು ಕೂರುವ ಸವಾರರು ಯಾವ ಜೋಡಿ ಕಾಲು (ಒಂದು ಮುಂಗಾಲು, ಎದುರು ಬದಿಯ ಹಿಂಗಾಲು) ನೆಲದಲ್ಲಿದ್ದಾಗ ಕೂರುತ್ತಾರೆ ಎಂಬುದು ಮುಖ್ಯ. ಗಂಟೆಗಟ್ಟಲೆ ಒಂದೇ ಜೋಡಿಯ ಮೇಲೆ ಕೂತರೆ ಒಂದು ಕಡೆ ಭಾರ ತುಂಬುತ್ತದೆ. ಎಷ್ಟೋ ಸವಾರರಿಗೆ ತಾವು ಹೀಗೆ ಮಾಡುತ್ತಿದ್ದೇವೆ ಎಂದೇ ಗೊತ್ತಿರುವುದಿಲ್ಲ, ಯಾಕೆಂದರೆ ಕುದುರೆಯೇ ತನಗೆ ಹಿತವಾದ ಕಡೆಗೆ ಅವರನ್ನು ಕೂರಿಸಿಬಿಡುತ್ತದೆ. ಮುಂಗಾಲುಗಳಲ್ಲಿ ಒಂದು ಗೊರಸು ಎತ್ತರ, ಒಂದು ತಗ್ಗು ಇರುವ ಕುದುರೆಯಲ್ಲಿ ಇದು ಜಾಸ್ತಿ. ಎರಡು ಭುಜಗಳ ಗಾತ್ರವೂ ಬೇರೆ ಇರುತ್ತದೆ, ಜೀನು ಒಂದು ಕಡೆಗೆ ಜಾರುತ್ತದೆ, ಸವಾರರು ಇನ್ನೊಂದು ಕಡೆಗೆ ವಾಲಿ ಸರಿಮಾಡಿಕೊಳ್ಳುತ್ತಾರೆ.

ಪರೀಕ್ಷೆ ಸುಲಭ. ಸವಾರರಿಲ್ಲದೆ ಟ್ರಾಟ್ ಮಾಡಿಸಿ ನೋಡಿ. ನಂತರ ಅದೇ ಸವಾರರು ಕೂತು ಜೋಡಿ ಬದಲಾಯಿಸಿ ನೋಡಿ. ಆಮೇಲೆ ಬೇರೆ ಸವಾರರು ಕೂತು ನೋಡಿ. ದೋಷ ಸವಾರರ ಜೊತೆ ಬಂದು ಹೋಗುತ್ತಿದ್ದರೆ ಕಾಲನ್ನು ಬೈಯುವುದರಲ್ಲಿ ಅರ್ಥವಿಲ್ಲ. ಜೀನಿನ ಕೆಳಗಿನ ಬೆವರಿನ ಗುರುತು ಎರಡೂ ಕಡೆ ಒಂದೇ ಥರ ಇದೆಯಾ ಎಂಬುದನ್ನೂ ನೋಡಿ.

ಏನನ್ನು ಸರಿಮಾಡಬಹುದು, ಏನನ್ನು ಮುಟ್ಟಬಾರದು

ಮರಿಯಾಗಿದ್ದಾಗ ಮೂಳೆಯ ತುದಿಗಳು ಇನ್ನೂ ಬೆಳೆಯುತ್ತಿರುತ್ತವೆ, ಕಾಲನ್ನು ತಿದ್ದಲು ಅವಕಾಶ ಇರುತ್ತದೆ. ಫೆಟ್‌ಲಾಕ್ ಹತ್ತಿರ ಈ ಅವಕಾಶ ಮೊದಲ ಕೆಲವು ತಿಂಗಳಲ್ಲೇ ಮುಗಿಯುತ್ತದೆ. ಮಂಡಿಯ ಹತ್ತಿರ ಇನ್ನಷ್ಟು ಕಾಲ ಇರುತ್ತದೆ. ಓಟಕ್ಕೆ ಬರುವ ವಯಸ್ಸಿನ ಕುದುರೆಯಲ್ಲಿ ಅದು ಮುಗಿದ ಮಾತು. ಗೊರಸನ್ನು ಒಂದು ಕಡೆ ಜಾಸ್ತಿ ಕೆತ್ತಿ ಕಾಲು ನೇರ ಕಾಣುವಂತೆ ಮಾಡಬಹುದು. ಮೇಲಿನ ಕೀಲುಗಳು ಮಾತ್ರ ನೇರವಾಗುವುದಿಲ್ಲ, ಬದಲಿಗೆ ತಿರುಚಿಕೊಳ್ಳುತ್ತವೆ. ಇಷ್ಟು ವರ್ಷ ಹೊಂದಿಕೊಂಡಿದ್ದ ಕುದುರೆ ಹೀಗೆ ನೇರ ಮಾಡಿದ ಮೇಲೆ ಕುಂಟಲು ಶುರುಮಾಡಿದರೆ ಆಶ್ಚರ್ಯವಿಲ್ಲ. ನೋಡಲು ಚೆನ್ನಾಗಿರಲಿ ಎಂದು ಬೆಳೆದ ಕುದುರೆಯ ಕಾಲು ತಿದ್ದಿಸಬೇಡಿ, ದಯವಿಟ್ಟು.

ನಮ್ಮ ಕೈಲಿರುವುದು ಬೇರೆ. ಗೊರಸು ಆದಷ್ಟು ಸಮವಾಗಿ ನೆಲಕ್ಕೆ ಬೀಳಬೇಕು. ತುದಿ ಗಿಡ್ಡ ಇರಬೇಕು. ಹಿಮ್ಮಡಿಗೆ ಆಧಾರ ಬೇಕು. ಲಾಳದ ತುದಿಯನ್ನು ಸ್ವಲ್ಪ ಉರುಟು ಮಾಡಿದರೆ ಕುದುರೆ ತನಗೆ ಬೇಕಾದ ದಿಕ್ಕಿಗೆ ಸುಲಭವಾಗಿ ಹೊರಳಿ ಕಾಲೆತ್ತುತ್ತದೆ. ಬದಲಾವಣೆ ಒಂದು ಸಲಕ್ಕೆ ಒಂದೇ ಇರಲಿ. ಲಾಳ, ಜೀನು, ವೇಗ ಮೂರನ್ನೂ ಒಂದೇ ವಾರದಲ್ಲಿ ಬದಲಾಯಿಸಿದರೆ ಯಾವುದರಿಂದ ಗುಣವಾಯಿತು ಎಂದು ಯಾವತ್ತೂ ಗೊತ್ತಾಗುವುದಿಲ್ಲ. ಗೊರಸಿನ ಕೋನದಲ್ಲಿ ದೊಡ್ಡ ಬದಲಾವಣೆ ಮಾಡಿದ ವಾರದಲ್ಲೇ ಓಟಕ್ಕೆ ಕರೆದೊಯ್ಯಬೇಡಿ.

ತಾಲೀಮಿನಲ್ಲಿ ನಾಡಿಯನ್ನೂ ಸಾಕ್ಷಿಗೆ ಕರೆಯಿರಿ. ಎಫ್‌ಇಐ (ಅಂತರರಾಷ್ಟ್ರೀಯ ಕುದುರೆ ಕ್ರೀಡಾ ಒಕ್ಕೂಟ) ಓಟಗಳಲ್ಲಿ ನಿಮಿಷಕ್ಕೆ 64 ಎಂಬ ನಾಡಿ ಮಿತಿ ಈ ಕ್ರೀಡೆಯವರಿಗೆಲ್ಲ ಗೊತ್ತು. ಅದರ ಜೊತೆ ವೆಟ್‌ಗಳು ಬಳಸುವ ಇನ್ನೊಂದು ಪರೀಕ್ಷೆ ಮನೆಯಲ್ಲೂ ಮಾಡಬಹುದು. ನಾಡಿ ಎಣಿಸಿ. ಕುದುರೆಯನ್ನು ಸುಮಾರು 38 ಮೀಟರ್ ಟ್ರಾಟ್ ಮಾಡಿಸಿಕೊಂಡು ಹೋಗಿ ವಾಪಸ್ ಬನ್ನಿ. ಹೊರಟ ಕ್ಷಣದಿಂದ ಒಂದು ನಿಮಿಷಕ್ಕೆ ಸರಿಯಾಗಿ ಮತ್ತೆ ಎಣಿಸಿ. ಚೆನ್ನಾಗಿರುವ ಕುದುರೆಯ ನಾಡಿ ಮೊದಲಿನಷ್ಟೇ ಇರುತ್ತದೆ ಅಥವಾ ತಗ್ಗುತ್ತದೆ. 4ಕ್ಕಿಂತ ಜಾಸ್ತಿ ಏರಿದರೆ ಎಲ್ಲೋ ನೋವು ಅಥವಾ ದಣಿವು ಇದೆ. ಹೆಜ್ಜೆ ಸೊಟ್ಟ, ನಾಡಿ ಶಾಂತ ಇದ್ದರೆ ಅದು ಕುದುರೆಯ ಹುಟ್ಟುನಡೆ ಇರಬಹುದು. ಹೆಜ್ಜೆ ಸರಿ ಕಂಡರೂ ನಾಡಿ ಏರಿದ್ದರೆ ಇನ್ನೊಮ್ಮೆ ಮೇಲಿಂದ ಕೆಳಗೆ ಕಾಲು ಮುಟ್ಟಿ ನೋಡಿ.

ಸರಿಪಡಿಸಿದ ಮೇಲೆ ಅದೇ ಪರೀಕ್ಷೆಗಳನ್ನು ಅದೇ ಜಾಗದಲ್ಲಿ ಮಾಡಿ: ಅದೇ ಗಟ್ಟಿ ನೆಲ, ಅದೇ ಸೀಮೆಸುಣ್ಣ, ಅದೇ ಕೋನದ ವಿಡಿಯೋ. ಕುದುರೆ ತಾಜಾ ಇದ್ದಾಗಿನ ಫಲಿತಾಂಶ ನಂಬಿ ಓಟಕ್ಕೆ ಹೆಸರು ಕೊಡಬೇಡಿ. ದೋಷ ಕಾಣಿಸಿಕೊಂಡಿದ್ದ ಕಿಲೋಮೀಟರ್ ದಾಟುವಷ್ಟು ಉದ್ದದ ತಾಲೀಮು ಸವಾರಿ ಮುಗಿಸಿ ಬಂದಾಗ ಒಮ್ಮೆ ನೋಡಿ, ಮಾರನೇ ದಿನ ಬೆಳಿಗ್ಗೆ ಲಾಯದಿಂದ ಹೊರಗೆ ತಂದ ಮೊದಲ ಹೆಜ್ಜೆಗಳಲ್ಲಿ ಇನ್ನೊಮ್ಮೆ ನೋಡಿ. ಎರಡೂ ಸಲ ಹೆಜ್ಜೆ ಸಮ ಇದ್ದರೆ ದೂರ ಏರಿಸಿ. ಮಾರನೇ ದಿನ ಬಿಗಿ ಕಂಡರೆ ಅದೇ ದೂರದಲ್ಲೇ ನಿಲ್ಲಿಸಿ ವೆಟ್ ಮತ್ತು ಲಾಳ ಕಟ್ಟುವವರನ್ನು ಒಂದೇ ದಿನ, ಒಂದೇ ಹೊತ್ತಿಗೆ ಕುದುರೆಯ ಮುಂದೆ ನಿಲ್ಲಿಸಿ ಮಾತಾಡಿಸಿ.